ಬಾಯಿಲೆಕ್ಕವೂ ಪುಸ್ತಕದ ಲೆಕ್ಕವೂ

“ನಮ್ಮ ಹುಡುಗ ಲೆಕ್ಕದಲ್ಲಿ ದಡ್ಡ.” ಕಾರ್ಮಿಕರ ಮನೆಗಳಲ್ಲಿ ಈ ಮಾತು ಹೊಸದಲ್ಲ. ಉಪಾಧ್ಯಾಯರು ಹೇಳುತ್ತಾರೆ, ತಂದೆತಾಯಿ ನಂಬುತ್ತಾರೆ, ಕಡೆಗೆ ಹುಡುಗನೂ ನಂಬಿಬಿಡುತ್ತಾನೆ. ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ನಿಲ್ಲುತ್ತದೆ. ನಿಲ್ಲಿಸಿದ್ದು ಬಡತನವೆಂದು ನಾವು ಹೇಳಿಕೊಳ್ಳುತ್ತೇವೆ. ಅದು ನಿಜವೇ. ಆದರೆ ಬಡತನದ ಜೊತೆಗೆ ಈ ‘ದಡ್ಡ’ ಎಂಬ ಮುದ್ರೆಯೂ ಸೇರಿ ಎಷ್ಟೋ ಮಕ್ಕಳನ್ನು ಶಾಲೆಯ ಹೊಸ್ತಿಲಿನಿಂದ ಆಚೆಗೆ ದೂಡಿದೆ. ಆ ಮುದ್ರೆ ಎಷ್ಟು ಪೊಳ್ಳು ಎಂಬುದನ್ನು ಈಗ ದೊಡ್ಡ ವಿದ್ವಾಂಸರೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆ ವಿಷಯವನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಅವಶ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

2025ರ ಫೆಬ್ರವರಿಯಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಅದನ್ನು ನಡೆಸಿದವರಲ್ಲಿ ಅರ್ಥಶಾಸ್ತ್ರಕ್ಕಾಗಿ 2019ರ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೂ ಇದ್ದಾರೆ. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮುಂತಾದುವನ್ನು ಮಾರುವ 1,436 ಮಕ್ಕಳನ್ನು ಅವರು ಪರೀಕ್ಷಿಸಿದರು. ಪರೀಕ್ಷಿಸಿದ ರೀತಿಯೇ ಸ್ವಾರಸ್ಯವಾದುದು. ಸಂಶೋಧಕರ ಕಡೆಯವರು ಸಾಧಾರಣ ಗಿರಾಕಿಗಳಂತೆ ಹೋಗಿ, ಬೇಕೆಂದೇ ವಕ್ರವಾದ ತೂಕಗಳನ್ನು ಕೇಳಿದರು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ ಕೊಡು, ಕಿಲೋಗೆ 15 ರೂಪಾಯಿಯ ಈರುಳ್ಳಿ 1 ಕಿಲೋ 400 ಗ್ರಾಂ ಕೊಡು, ಇಕೋ 200 ರೂಪಾಯಿಯ ನೋಟು. ಹೀಗೆ. ಒಟ್ಟು 37 ರೂಪಾಯಿ, ಹಿಂದಕ್ಕೆ ಕೊಡಬೇಕಾದುದು 163. ಕಾಗದವಿಲ್ಲ, ಪೆನ್ಸಿಲಿಲ್ಲ. ಇಂಥ ಲೆಕ್ಕಗಳನ್ನು ಬಹುಮಟ್ಟಿಗೆ ಎಲ್ಲ ಮಕ್ಕಳೂ ಸರಿಯಾಗಿ ಮಾಡಿದರು.

ಆಮೇಲೆ ಅದೇ ಮಕ್ಕಳನ್ನು ಪಕ್ಕಕ್ಕೆ ಕರೆದು ಶಾಲೆಯ ರೀತಿಯ ಲೆಕ್ಕ ಕೊಟ್ಟರು. ಅಂಕಿ ಬರೆದು, ಭಾಗಿಸು ಎಂದರು, ಕಳೆ ಎಂದರು. ಮಾರುಕಟ್ಟೆಯ ಲೆಕ್ಕಕ್ಕಿಂತ ಇವು ಸುಲಭವಾಗಿಯೇ ಇದ್ದುವು. ಆದರೆ ಮಕ್ಕಳು ಸೋತರು. ಕೋಲ್ಕತ್ತದ ಒಂದು ತಂಡದಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 100ಕ್ಕೆ 32 ಮಂದಿ ಮಾತ್ರ. ಇವರು ಬಾಯಿಪಾಠ ಮಾಡಿದ ಉತ್ತರ ಹೇಳುತ್ತಿದ್ದರೋ, ಪಕ್ಕದವರ ಸಹಾಯ ಪಡೆದರೋ ಎಂಬ ಸಂಶಯವನ್ನೂ ಸಂಶೋಧಕರು ಬಿಡದೆ ತಪಾಸಣೆ ಮಾಡಿದ್ದಾರೆ. ಅದು ಯಾವುದೂ ಕಾರಣವಲ್ಲವೆಂದು ಕಂಡುಬಂದಿತು. ಲೆಕ್ಕ ಅವರದೇ ತಲೆಯಿಂದ ಬಂದದ್ದು.

ಈ ಕಥೆಗೆ ಇನ್ನೊಂದು ಅರ್ಧವಿದೆ. ಅದೇ ಸುತ್ತಿನ ಶಾಲೆಗಳಲ್ಲಿ ಓದುವ, ಮಾರಾಟದ ಅನುಭವವಿಲ್ಲದ 471 ಮಕ್ಕಳನ್ನೂ ಪರೀಕ್ಷಿಸಿದರು. ಇವರು ಪುಸ್ತಕದ ಸುಲಭ ಲೆಕ್ಕಗಳನ್ನು ಮಾರುಕಟ್ಟೆಯ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು. ಆದರೆ ದುಡಿಯುವ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿ ಬಿಡಿಸಿದ ಒಂದು ವ್ಯಾಪಾರದ ಲೆಕ್ಕವನ್ನು ಬಿಡಿಸಲು ಶಾಲೆಯ ಮಕ್ಕಳಲ್ಲಿ 100ಕ್ಕೆ ಒಬ್ಬರಿಗೆ ಮಾತ್ರ ಸಾಧ್ಯವಾಯಿತು. ಕಾಗದದ ಮೇಲೆ ಉದ್ದುದ್ದ ಬರೆದರು, ಹೊತ್ತು ಕಳೆಯಿತು, ಗುಣಾಕಾರವನ್ನೂ ಕೂಡುವುದನ್ನೂ ಜೋಡಿಸುವುದು ತಿಳಿಯಲಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಾಗಾದರೆ ದಡ್ಡರು ಯಾರು? ಇವರೂ ಅಲ್ಲ, ಅವರೂ ಅಲ್ಲ. ಎರಡು ಕೋಣೆಗಳ ನಡುವೆ ಗೋಡೆ ಎದ್ದಿದೆ, ಬಾಗಿಲಿಟ್ಟವರಿಲ್ಲ.

ಈ ಗೋಡೆ ನಮ್ಮ ದೇಶದಲ್ಲಿ ಮಾತ್ರ ಇರುವುದಲ್ಲ. 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಕ್ಯಾರಹರ್, ಶ್ಲೀಮನ್ ಎಂಬ ಸಂಶೋಧಕರು ಬೀದಿಯಲ್ಲಿ ಮಾರುವ ಮಕ್ಕಳ ಮೇಲೆ ಇಂಥದೇ ಪರೀಕ್ಷೆಯನ್ನು ಪ್ರಕಟಿಸಿದ್ದರು. ಮಕ್ಕಳು ಐದೇ ಮಂದಿ. ಆದರೂ ಫಲ ಕಣ್ಣು ತೆರೆಸುವಂಥದು. ಬೀದಿಯಲ್ಲಿ ಕೇಳಿದಾಗ 100ಕ್ಕೆ 98 ಉತ್ತರ ಸರಿ. ಅದೇ ಅಂಕಿಗಳನ್ನು ಕಾಗದದ ಮೇಲೆ ಬರಿಯ ಲೆಕ್ಕವಾಗಿ ಕೊಟ್ಟಾಗ 100ಕ್ಕೆ 37 ಮಾತ್ರ ಸರಿ. ಅವರಲ್ಲಿ 12 ವರ್ಷದ ಮಗುವೊಂದು ತೆಂಗಿನಕಾಯಿ ಮಾರುತ್ತಿತ್ತು. ಕಾಯಿಯೊಂದಕ್ಕೆ 35. ನಾಲ್ಕಕ್ಕೆ ಎಷ್ಟು ಎಂದು ಗಿರಾಕಿ ಕೇಳಿದರೆ, ಮೂರಕ್ಕೆ 105, ಅದಕ್ಕೆ 30 ಸೇರಿದರೆ 135, ಇನ್ನು 5 ಸೇರಿದರೆ 140 ಎಂದು ಹೇಳಿತು. ಅದೇ ಮಗುವಿಗೆ 35ನ್ನು 4ರಿಂದ ಗುಣಿಸು ಎಂದು ಕಾಗದ ಕೊಟ್ಟರು. ನಾಲ್ಕೈದಲೆ ಇಪ್ಪತ್ತು, ಎರಡು ಕೈಯಲ್ಲಿ. ಎರಡೂ ಮೂರೂ ಐದು, ಐದು ನಾಲ್ಕಲೆ ಇಪ್ಪತ್ತು. ಬರೆದ ಉತ್ತರ 200! ಬೀದಿಯಲ್ಲಿ 140 ಎಂದ ಬಾಯಿ, ಕಾಗದದ ಮೇಲೆ 200 ಬರೆದ ಕೈ, ಎರಡೂ ಒಂದೇ ಮಗುವಿನವು.

ಇದು ಹೇಗೆ ಆಗುತ್ತದೆ? ದಾರಿ ಬೇರೆ ಬೇರೆಯಾಗಿರುವುದೇ ಇದರ ಗುಟ್ಟು. 200ರಲ್ಲಿ 37 ಹೋಗಬೇಕು. ಚಿಲ್ಲರೆ ಎಣಿಸಿ ಬಲ್ಲವನು ಸಾಮಾನ್ಯವಾಗಿ ಕಳೆಯುವುದೇ ಇಲ್ಲ, ಕೂಡುತ್ತಾನೆ. 37ಕ್ಕೆ 3 ಸೇರಿದರೆ 40, ಅದಕ್ಕೆ 60 ಸೇರಿದರೆ 100, ಮೇಲೆ ಇನ್ನೊಂದು 100. ಕೈಯಲ್ಲಿ 163 ಬಂದಾಯಿತು. ಶಾಲೆಯಲ್ಲಾದರೆ ಬಿಡಿಯಿಂದ ಆರಂಭ. ಸೊನ್ನೆಯಲ್ಲಿ ಏಳು ಹೋಗದು, ಹತ್ತರ ಮನೆಗೆ ಸಾಲ ಕೇಳಲು ಹೋಗು. ಅಲ್ಲಿಯೂ ಸೊನ್ನೆ. ನೂರರ ಮನೆಗೆ ಹೋಗು. ಎರಡು ಮನೆ ಅಲೆದು ಸಾಲ ತರುವಷ್ಟರಲ್ಲಿ ಮಗುವಿಗೆ ತಾನು ಹೊರಟದ್ದು ಯಾತಕ್ಕೆ ಎಂಬುದೇ ಮರೆತಿರುತ್ತದೆ. ಬಾಯಿಲೆಕ್ಕದಲ್ಲಿ ನಲವತ್ತು ಎಂದರೆ ನಲವತ್ತು ರೂಪಾಯಿಯೇ, ಬೆಲೆ ಕಣ್ಮರೆಯಾಗುವುದಿಲ್ಲ. ಬರಹದ ಲೆಕ್ಕದಲ್ಲಿ ಅದು ಬರಿಯ 4 ಎಂಬ ಅಂಕಿ. ಬೆಲೆ ಮರೆತ ಮೇಲೆ ನಾಲ್ಕು ಕಾಯಿಗೆ 200 ಎಂದು ಬರೆದರೂ ತಪ್ಪೆಂದು ಹೊಳೆಯದು.

ಬರಹದ ಲೆಕ್ಕ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬಾರದಿದ್ದರೆ ಆಗುವ ನಷ್ಟ ನಮಗಿಂತ ಚೆನ್ನಾಗಿ ಯಾರು ಬಲ್ಲರು? ಹೋಟೆಲಿನಲ್ಲಿ ದುಡಿದವರನ್ನೇ ನೋಡಿ. ಬಿಲ್ಲಿನ ಯಂತ್ರ ಬರುವ ಮುಂಚೆ ಮಾಣಿಯಾದವನು ನಾಲ್ಕೈದು ಮೇಜುಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ಗಿರಾಕಿ ಕೈತೊಳೆದು ಬರುವಷ್ಟರಲ್ಲಿ ಗಲ್ಲಾದವರಿಗೆ ಕೂಗಿ ಹೇಳುತ್ತಿದ್ದನು. 50 ಮಂದಿಯ ಸಾಂಬಾರಿಗೆ ಇಷ್ಟು ಬೇಳೆಯಾದರೆ 180 ಮಂದಿಗೆ ಎಷ್ಟು ಎಂಬುದನ್ನು ಅಡಿಗೆ ಭಟ್ಟರು ಒಲೆಯ ಮುಂದೆ ನಿಂತೇ ಹೇಳುತ್ತಾರೆ. ತ್ರೈರಾಶಿ ಎಂಬ ಹೆಸರನ್ನೇ ಕೇಳದವರು ದಿನಾ ಬೆಳಗ್ಗೆ ತ್ರೈರಾಶಿ ಮಾಡುತ್ತಾರೆ. ಇನ್ನು ಅವರ ಕೈಗೆ ಸಂಬಳದ ಚೀಟಿಯನ್ನು ಕೊಡಿ. ಭವಿಷ್ಯನಿಧಿಗೆ ನೂರಕ್ಕೆ ಇಷ್ಟು, ಇ.ಎಸ್.ಐ.ಗೆ ನೂರಕ್ಕೆ ಇಷ್ಟು, ಹೆಚ್ಚು ಹೊತ್ತು ದುಡಿದುದಕ್ಕೆ ಇಷ್ಟು, ಮುಂಗಡದಲ್ಲಿ ವಜಾ ಇಷ್ಟು. ಚೀಟಿಯನ್ನು ಮಡಚಿ ಜೇಬಿಗಿಟ್ಟು, ಕೊಟ್ಟಷ್ಟನ್ನು ಎಣಿಸಿಕೊಂಡು ಬರುವವರೇ ಹೆಚ್ಚು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮೇಜು ಒರೆಸಿದ ನಮ್ಮಂಥವರು ಇದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಕಾಗದದ ಲೆಕ್ಕ ಬಾರದವನಿಗೆ ಕಾಗದದ ಮೇಲೆಯೇ ಮೋಸವಾಗುತ್ತದೆ. ನಮ್ಮ ಮಕ್ಕಳಿಗೆ ಬೀಜಗಣಿತವೂ ಬೇಕು, ಭೂಮಿತಿಯೂ ಬೇಕು, ಪಾಲಿಟೆಕ್ನಿಕ್ಕಿನ ಬಾಗಿಲೂ ಬೇಕು. ಅದಕ್ಕೆಲ್ಲ ಬರಹದ ಲೆಕ್ಕವೇ ಬೀಗದ ಕೈ.

ಇದು ದುಡಿಯುವ ಮಕ್ಕಳೊಬ್ಬರದೇ ಕಷ್ಟವೂ ಅಲ್ಲ. 2024ರ ‘ಅಸರ್’ ಸಮೀಕ್ಷೆಯಂತೆ ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬಲ್ಲವರು 100ಕ್ಕೆ ಸುಮಾರು 31 ಮಂದಿ. ಅಷ್ಟು ಮಕ್ಕಳೂ ದಡ್ಡರಾಗಿರುವುದು ಸಾಧ್ಯವೇ? ಕಲಿಸುವ ರೀತಿಯಲ್ಲಿಯೇ ಏನೋ ಕೊರತೆಯಿರಬೇಕು.

ಇದಕ್ಕೆ ಮದ್ದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ನಮ್ಮ ಮುಂಬಯಿಯಲ್ಲಿಯೇ. 1990ರ ದಶಕದ ನಡುವಿನಲ್ಲಿ ಇಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ ಮುನಿಸಿಪಲ್ ಶಾಲೆಗಳಿಗೆ ‘ಬಾಲಸಖಿ’ಯರನ್ನು ಕಳಿಸಿತು. ಅವರು ದೊಡ್ಡ ಪದವೀಧರರಲ್ಲ, ಅದೇ ಬಸ್ತಿಗಳ ತರುಣಿಯರು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆ ಕೂರಿಸಿ, ತರಗತಿಯ ಪಾಠ ಎಲ್ಲಿಗೆ ಬಂದಿದೆ ಎಂದು ನೋಡದೆ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸಿದರು. 2001ರಿಂದ ಆರಂಭಿಸಿ ಮುಂಬಯಿಯಲ್ಲೂ ಬಡೋದೆಯಲ್ಲೂ ಬ್ಯಾನರ್ಜಿ, ಡುಫ್ಲೋ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಮಕ್ಕಳು ನಿಶ್ಚಯವಾಗಿಯೂ ಮುಂದೆ ಬಂದರು. ಆದರೆ ಪಾಠ ನಿಂತು ಒಂದು ವರುಷವಾದ ಮೇಲೆ ಆ ಲಾಭ ಬಹಳಷ್ಟು ಕರಗಿತು. ಇದರಿಂದ ತಿಳಿಯತಕ್ಕ ಪಾಠ ಎರಡು: ಮಗು ನಿಂತಲ್ಲಿಂದ ಕಲಿಸಬೇಕು, ಕಲಿಸಿ ನಡುವೆ ಕೈಬಿಡಬಾರದು.

ವಿಜ್ಞಾನದ ಮಾತೂ ಇಂಥದೇ. ಬಾಯಿಪಾಠದ ವಿಜ್ಞಾನ ಬೇಡ, ಮಗು ಕೈಯಾರೆ ಮಾಡಿ ಕಲಿಯಲಿ ಎಂದು 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಮಕ್ಕಳು ಗುಂಪುಗೂಡಿ ಪ್ರಯೋಗ ಮಾಡುತ್ತಿದ್ದರು, ಸುತ್ತಲಿನ ಗಿಡ, ಮಣ್ಣು, ಬೆಳೆಗಳನ್ನು ನೋಡಿ ಬರೆಯುತ್ತಿದ್ದರು. ಪರೀಕ್ಷೆಯಲ್ಲಿಯೂ ಪುಸ್ತಕ ತೆರೆದಿಡಬಹುದಾಗಿತ್ತು. ಅದು ನೂರಾರು ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿಬಿಟ್ಟಿತು. ಮೂವತ್ತು ವರುಷದ ಕೆಲಸ ಒಂದು ಆಜ್ಞೆಯಿಂದ ನಿಂತುಹೋಗಬಹುದಾದರೆ, ಒಳ್ಳೆಯ ಸಂಶೋಧನೆ ಇದ್ದರಷ್ಟೇ ಸಾಲದು, ಅದನ್ನು ಬೇಕೆಂದು ಕೇಳುವ ತಂದೆತಾಯಿಗಳ ಬಲವೂ ಬೇಕು ಎಂದಾಯಿತಲ್ಲವೇ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಾರುಕಟ್ಟೆಯ ಮಕ್ಕಳು ಲೆಕ್ಕದಲ್ಲಿ ಚುರುಕು ಎಂಬುದನ್ನು ಹಿಡಿದು, ದುಡಿಮೆಯೇ ಒಳ್ಳೆಯ ಶಾಲೆ ಎಂದು ಕೆಲವು ಮಾಲಿಕರು ಹೇಳಿಯಾರು. ಅದು ಕುತರ್ಕ. ಹೋಟೆಲು, ಢಾಬಾಗಳಲ್ಲಿ 14 ತುಂಬದ ಮಕ್ಕಳನ್ನು ದುಡಿಸಬಾರದೆಂದು 2006ರ ಅಕ್ಟೋಬರದಲ್ಲಿಯೇ ನಿಷೇಧ ಬಂದಿತು. 2016ರ ತಿದ್ದುಪಡಿಯಿಂದ ಅದು ಇನ್ನೂ ವಿಸ್ತಾರವಾಯಿತು. ಮಗುವನ್ನು ಅಂಗಡಿಗೆ ಕಳಿಸಿ ಲೆಕ್ಕ ಕಲಿಸಿರೆಂದು ಯಾರೂ ಹೇಳಲಿಲ್ಲ. ಅಂಗಡಿಯ ಲೆಕ್ಕವನ್ನು ಶಾಲೆಗೆ ತನ್ನಿರೆಂಬುದೇ ಈ ಸಂಶೋಧನೆಯ ತಾತ್ಪರ್ಯ.

ಮಾಡಬೇಕಾದುದೇನು? ಮೊದಲನೆಯದಾಗಿ, ಮುನಿಸಿಪಲ್ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಪಾಲಕರ ಸಭೆಗೆ ನಾವು ಹೋಗಬೇಕು. ಪಾಳಿಯ ಕೆಲಸವಿದೆಯೆಂದು ತಪ್ಪಿಸಿಕೊಳ್ಳಬಾರದು. ತಂದೆಗೆ ಆಗದಿದ್ದರೆ ತಾಯಿ ಹೋಗಲಿ. ಮಗು ತನ್ನ ರೀತಿಯಲ್ಲಿ ಮಾಡಿದ ಲೆಕ್ಕವನ್ನು ಹಲಗೆಯ ಮೇಲೆ ಒಂದು ಕಡೆ ಬರೆದು, ಪುಸ್ತಕದ ರೀತಿಯನ್ನು ಪಕ್ಕದಲ್ಲಿ ಬರೆದು, ಎರಡೂ ಒಂದೇ ಊರಿಗೆ ಹೋಗುವ ದಾರಿಗಳೆಂದು ತೋರಿಸಿರೆಂದು ಉಪಾಧ್ಯಾಯರನ್ನು ವಿನಯದಿಂದ, ಆದರೆ ಬಿಡದೆ, ಕೇಳಬೇಕು. ಅರವತ್ತು ಮಕ್ಕಳ ತರಗತಿಯಲ್ಲಿ ಇದು ಅವರೊಬ್ಬರಿಂದ ಆಗದ ಕೆಲಸವಾದರೆ, ಸಹಾಯಕರನ್ನು ಕೊಡಿರೆಂದು ಆಡಳಿತದವರನ್ನು ಅವರ ಜೊತೆಗೆ ನಿಂತು ಕೇಳಬೇಕು. ಉಪಾಧ್ಯಾಯರೂ ದುಡಿಯುವವರೇ, ಅವರು ನಮ್ಮ ವೈರಿಗಳಲ್ಲ.

ಎರಡನೆಯದಾಗಿ, ನಮ್ಮ ಸಂಘದ ಸದಸ್ಯರು ತಾವಿರುವ ಚಾಳುಗಳಲ್ಲಿ ವಾರಕ್ಕೆ ಎರಡು ಸಂಜೆಯಾದರೂ ಮಕ್ಕಳನ್ನು ಕೂರಿಸಿಕೊಳ್ಳಬಹುದು. ಹತ್ತನೆಯದು ಪಾಸಾದ ಹುಡುಗಿಯರೂ ಹುಡುಗರೂ ನಮ್ಮಲ್ಲಿದ್ದಾರೆ. ಬಾಲಸಖಿಯರೂ ಇಂಥವರೇ ಆಗಿದ್ದರು. ಹಗಲೆಲ್ಲ ತಟ್ಟೆ ಎತ್ತಿ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರು ಈ ಊರಿನಲ್ಲಿ ಅನೇಕರಿದ್ದಾರೆ. ಅವರು ಪಡೆದುದನ್ನು ಹಿಂದಿರುಗಿಸಲು ಇದು ತಕ್ಕ ಸಮಯ.

ಮೂರನೆಯದು ಎಲ್ಲಕ್ಕಿಂತ ಸುಲಭ, ಒಂದು ಕಾಸೂ ಖರ್ಚಿಲ್ಲದ್ದು. ಮನೆಯಲ್ಲಿ ಮಗು ಲೆಕ್ಕ ಮಾಡಿದಾಗ ‘ಸರಿಯೇ ತಪ್ಪೇ’ ಎಂದು ಮಾತ್ರ ಕೇಳಬೇಡಿ, ‘ಹೇಗೆ ಮಾಡಿದೆ?’ ಎಂದು ಕೇಳಿ. ಕಿರಾಣಿ ಅಂಗಡಿಯ ಚೀಟಿಯನ್ನು ಅದರ ಮುಂದಿಟ್ಟು ಬಾಯಿಯಲ್ಲಿ ಮಾಡಿಸಿ, ಆಮೇಲೆ ಅದನ್ನೇ ಕಾಗದದ ಮೇಲೆ ಬರೆಸಿ. ನಿಮ್ಮ ಸಂಬಳದ ಚೀಟಿಯನ್ನೂ ಬಚ್ಚಿಡಬೇಡಿ. ಎಂಟನೆಯ ತರಗತಿಯ ಮಗಳು ನೂರಕ್ಕೆ ಇಷ್ಟೆಂದು ಲೆಕ್ಕ ಹಾಕಿ, ತಂದೆಗೆ ಬರಬೇಕಾದುದು ಸರಿಯಾಗಿ ಬಂದಿದೆಯೇ ಎಂದು ನೋಡಿದರೆ ಇಬ್ಬರಿಗೂ ಪಾಠವಾಗುತ್ತದೆ. ಹೆಚ್ಚುಕಡಿಮೆ ಕಂಡರೆ ಚೀಟಿಯನ್ನು ಸಂಘದ ಕಚೇರಿಗೆ ತನ್ನಿ.

ಲೆಕ್ಕ ನಮ್ಮ ಮನೆಗಳಿಗೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ಅದು ನಮ್ಮ ನಾಲಗೆಯ ಮೇಲೆ, ಬೆರಳ ತುದಿಯಲ್ಲಿ ಆಗಲೇ ಇದೆ. ಅದನ್ನು ಕಾಗದದ ಮೇಲೆ ಇಳಿಸುವುದಷ್ಟೇ ಬಾಕಿ. ‘ದಡ್ಡ’ ಎಂಬ ಮಾತನ್ನು ಈ ತಿಂಗಳಿನಿಂದ ನಮ್ಮ ಮನೆಗಳಲ್ಲಿ ಯಾರೂ ಆಡದಿರಲಿ.