ಕಾಲು ಮುರಿದವನ ಕೈಗೆ ಇಂಗ್ಲಿಷ್ ಕಾಗದ!

ಕನ್ನಡದ ತರುಣರೇ, ನಿಮ್ಮ ಬೈಕಿನ ವಿಮೆ ಕಾಗದವನ್ನು ಒಮ್ಮೆಯಾದರೂ ಓದಿದ್ದೀರಾ? ಓದಲು ಅದು ನಿಮ್ಮ ಭಾಷೆಯಲ್ಲಿದ್ದರೆ ತಾನೇ! ಪೊಲೀಸರಿಗೆ ತೋರಿಸಲೆಂದು ಇಟ್ಟುಕೊಂಡ ಆ ಕಾಗದದಲ್ಲಿ ನಿಮ್ಮ ಕೈಕಾಲಿನ ಬೆಲೆ ಬರೆದಿದೆ. ಅದು ನಿಮಗೇ ಗೊತ್ತಿಲ್ಲ!

ಕಬ್ಬಿನ ಹಂಗಾಮಿನಲ್ಲಿ ಬೀಳಗಿ ತಾಲ್ಲೂಕಿನ ಬಾಡಗಂಡಿಯ ರಸ್ತೆಗೆ ಬಂದು ನೋಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲು ರಾತ್ರಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತವೆ. ಅಂಥ ಟ್ರ್ಯಾಕ್ಟರಿಗೂ ಒಂದು ಟೆಂಪೊಗೂ ಡಿಕ್ಕಿಯಾಗಿ, ಟೆಂಪೊದಲ್ಲಿ ಕುಳಿತಿದ್ದ ಪ್ರಯಾಣಿಕನ ಕಾಲು ಮುರಿಯಿತು ಎನ್ನಿ. ತಪ್ಪು ಇಬ್ಬರು ಚಾಲಕರದೂ ಇದೆ. ವಿಮೆ ಎರಡು, ಕಂಪನಿ ಎರಡು. ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ನಡುವೆ ಆಸ್ಪತ್ರೆಯ ಬಿಲ್ಲು ಬೆಳೆಯುತ್ತದೆ. ಕೊನೆಗೆ ಒಬ್ಬ ದಲ್ಲಾಳಿ ಬಂದು, ಸಿಕ್ಕಷ್ಟು ತಗೋ ಎಂದು ಇಂಗ್ಲಿಷಿನ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ.

ಇದು ಯಾವ ನ್ಯಾಯ? 2015ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಇಬ್ಬರ ತಪ್ಪಿನಿಂದ ಮೂರನೆಯವನಿಗೆ ಪೆಟ್ಟಾದರೆ, ಆತ ಇಬ್ಬರಿಂದಲೂ ಪರಿಹಾರ ಕೇಳಬಹುದು, ಒಬ್ಬರಿಂದಲೇ ಪೂರ್ತಿ ವಸೂಲಿಯನ್ನೂ ಮಾಡಬಹುದು. ಯಾರ ಪಾಲು ಎಷ್ಟೆಂಬ ಲೆಕ್ಕವನ್ನು ಅವರವರೇ ಬಗೆಹರಿಸಿಕೊಳ್ಳಲಿ! ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರವಿಲ್ಲ, ನಿಜ. ಆದರೆ ಒಂದು ಸಲವಾದರೂ ಪೂರ್ತಿ ಸಿಗಬೇಡವೇ?

ಇನ್ನು ನಿಮ್ಮದೇ ಪಾಲಿಸಿ. ಮಾಲೀಕನೇ ವಾಹನ ಓಡಿಸುವಾಗ ಅಪಘಾತವಾದರೆ ಅವನಿಗೇ ಸಿಗುವ ವೈಯಕ್ತಿಕ ವಿಮೆ ಮೊದಲು ಬೈಕಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. 2018ರಲ್ಲಿ ಅದು 15 ಲಕ್ಷಕ್ಕೆ ಏರಿತು. ಒಂದು ಕಾಲು ಹೋದರೆ ಅದರ ಅರ್ಧ, ಏಳೂವರೆ ಲಕ್ಷ. ಇದು ಎದುರು ವಾಹನದ ಕಂಪನಿ ಕೊಡಬೇಕಾದ ಪರಿಹಾರದಿಂದ ಬೇರೆಯೇ. ಅದನ್ನೂ ಕೇಳಿ, ಇದನ್ನೂ ಕೇಳಿ! ಮೃತನ ಜೀವ ವಿಮೆಯ ಹಣವನ್ನು ಅಪಘಾತ ಪರಿಹಾರದಲ್ಲಿ ಕಳೆಯಬಾರದೆಂದು 1998ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮ್ಮ ಹೆಸರಿನಲ್ಲಿ ಎರಡು ಗಾಡಿ ಇದ್ದರೆ ಈ ವೈಯಕ್ತಿಕ ವಿಮೆಗೆ ಎರಡು ಸಲ ಕಂತು ಕಟ್ಟಬೇಕಾಗಿಲ್ಲ. 2019ರಿಂದ ಒಬ್ಬನಿಗೆ ಒಂದೇ ಸಾಕು. ಇದನ್ನು ನಿಮಗೆ ಯಾವ ಏಜೆಂಟ್ ಕನ್ನಡದಲ್ಲಿ ಹೇಳಿದ?

ಹೇಳುವುದಿಲ್ಲ. ಏಕೆಂದರೆ ಹೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲಿ ಪಾಲಿಸಿದಾರರ ಹಿತರಕ್ಷಣೆಗೆಂದು ಮಾಡಿದ ನಿಯಮ, ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಕಾಗದಪತ್ರ ಕೊಡ'ಬಹುದು' ಎಂದಿತು. ಕೊಡ'ಬೇಕು' ಎನ್ನಲಿಲ್ಲ! ಕಂತು ವಸೂಲಿಗೆ ಕನ್ನಡ ಬೇಕು, ಜಾಹೀರಾತಿಗೆ ಕನ್ನಡ ಬೇಕು, ಹಣ ಕೊಡುವ ಷರತ್ತಿಗೆ ಮಾತ್ರ ಇಂಗ್ಲಿಷ್!

ಬೆಂಗಳೂರು, ಹುಬ್ಬಳ್ಳಿಯಲ್ಲಿ ದುಡಿಯುವ ತರುಣರೇ, ಊರಿನಿಂದ ಅಪಘಾತದ ಸುದ್ದಿ ಬಂದರೆ ಅತ್ತು ಸುಮ್ಮನಾಗಬೇಡಿ. ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಎರಡೂ ವಾಹನಗಳ ಪಾಲಿಸಿ ನಂಬರ್ ಬರೆದುಕೊಳ್ಳಿ. ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 6 ತಿಂಗಳ ಗಡುವಿದೆ, ತಡ ಮಾಡಬೇಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಲು ಬಿಡಬೇಡಿ.

ಇವತ್ತೇ ನಿಮ್ಮ ವಿಮೆ ಕಚೇರಿಗೆ ಹೋಗಿ ಕೇಳಿ: ನನ್ನ ಪಾಲಿಸಿ ಕನ್ನಡದಲ್ಲಿ ಎಲ್ಲಿ? ಕೊಡುವವರೆಗೆ ಕೇಳುತ್ತಲೇ ಇರಿ. ಕನ್ನಡಿಗನ ದುಡ್ಡು ಬೇಕಾದವರಿಗೆ ಕನ್ನಡಿಗನ ಭಾಷೆಯೂ ಬೇಕಾಗಲಿ!