ಕಾಲ್ಚೆಂಡಿನ ಗರಡಿ

ಗರಡಿಮನೆಯ ಕೆಮ್ಮಣ್ಣಿನ ವಾಸನೆಯನ್ನರಿಯದ ಊರು ನಮ್ಮ ಭೀಮಾ-ಸೀನಾ ತೀರದಲ್ಲಿ ವಿರಳ. ಮಗ ಕುಸ್ತಿಯಲ್ಲಿ ಮುಂದೆ ಬರಬೇಕೆಂದರೆ ತಂದೆತಾಯಿಗಳು ಅವನನ್ನು ವಸ್ತಾದರ ಕೈಗೆ ಒಪ್ಪಿಸುವರು. ಅವನು ಏಳುವ ಹೊತ್ತು, ಉಣ್ಣುವ ಖುರಾಕು, ಹೊಡೆಯುವ ದಂಡ-ಬೈಠಕು ಎಲ್ಲವೂ ಅಲ್ಲಿಂದ ಮುಂದೆ ವಸ್ತಾದರ ಅಂಕೆಯಲ್ಲಿ. ಫುಟ್‌ಬಾಲ್ ಅಕಾಡೆಮಿ ಎಂದರೇನೆಂದು ಕೇಳುವ ಪಾಲಕರಿಗೆ ನಾನು ಹೇಳುವುದಿಷ್ಟೇ: ಅದು ಕಾಲ್ಚೆಂಡಿನ ಗರಡಿಮನೆ. ಈ ಹೋಲಿಕೆ ಬರಿಯ ಮಾತಲ್ಲ. ಕೊಲ್ಲಾಪುರದಲ್ಲಿ ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು ಎಂಬ ಹೆಸರಿನ ತಂಡಗಳೇ ಇಂದಿಗೂ ಫುಟ್‌ಬಾಲ್ ಪಂದ್ಯಗಳಲ್ಲಿ ಸೆಣಸುತ್ತವೆ.

ಅದೇ ಕೊಲ್ಲಾಪುರದ ಅನಿಕೇತ ಜಾಧವ ಬಾಲ್ಯದಲ್ಲಿಯೇ ಪುಣೆಯ ಕ್ರೀಡಾ ಪ್ರಬೋಧಿನಿಯನ್ನು ಸೇರಿ ಕಲಿತರು. 2017ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರವಾಗಿ ಆಡಿದರು. ಕರ್ನಾಟಕದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ (1971-2020) ಅವರನ್ನು ನೆನೆಯಬಹುದು. ಜಮಶೇದಪುರದಲ್ಲಿ 1987ರಲ್ಲಿ ಆರಂಭವಾದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದ ಅವರು ಮುಂದೆ ಭಾರತ ತಂಡದ ನಾಯಕರೂ ಆದರು.

ಇಂಥ ಸಂಸ್ಥೆಗಳು ಮಾಡುವುದಾದರೂ ಏನು? ವಾಚಕರೇ, ಅಲ್ಲಿಯ ಕ್ರಮಕ್ಕೂ ನಮ್ಮ ಶಾಲೆಯ ಕ್ರಮಕ್ಕೂ ಬಹಳ ಅಂತರವಿಲ್ಲ. ಅಕ್ಷರ ಕಲಿಯದವನಿಗೆ ನಾವು ನಿಬಂಧ ಬರೆಯಲು ಹೇಳುವುದಿಲ್ಲ. ಅಂತೆಯೇ ಹನ್ನೆರಡರವರೆಗೆ ಚೆಂಡಿನೊಡನೆ ಕಾಲಿನ ಸ್ನೇಹ ಬೆಳೆಸುವುದೇ ಮುಖ್ಯ ಪಾಠ. ಹನ್ನೊಂದು ಜನರ ದೊಡ್ಡ ಮೈದಾನದಲ್ಲಿ ಚಿಕ್ಕ ಹುಡುಗನಿಗೆ ಚೆಂಡು ಸಿಗುವುದೇ ಅಪರೂಪ. ಆದುದರಿಂದ ಕಿರಿದಾದ ಅಂಗಳದಲ್ಲಿ ನಾಲ್ಕೈದು ಮಂದಿಯನ್ನು ಮಾತ್ರ ಆಡಿಸಿ, ಪ್ರತಿಯೊಬ್ಬನ ಎರಡೂ ಕಾಲಿಗೆ ಕೆಲಸ ಕೊಡುವರು. ಗೆಲುವು-ಸೋಲಿನ ಲೆಕ್ಕ ಆಗ ಗೌಣ. ಹದಿಮೂರರಿಂದ ಹದಿನಾರರೊಳಗೆ ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡುವುದು, ಜೊತೆಗಾರನ ಓಟವನ್ನರಿತು ಚೆಂಡು ದಾಟಿಸುವುದು, ತನ್ನ ಸ್ಥಾನವನ್ನು ಕಾಯುವುದು ಇವೇ ಪಾಠಗಳು. ಭಾರವೆತ್ತಿ ಮೈಬಲ ಗಳಿಸುವ ಸಾಧನೆಗೆ ಒತ್ತು ಬೀಳುವುದು, ಕ್ಲಬ್ಬಿನೊಡನೆ ಕರಾರಿನ ಮಾತು ಬರುವುದು ಇದೆಲ್ಲ ಆದಮೇಲೆ.

ಎಂದರೆ ಅಕಾಡೆಮಿಯ ಸಮಸ್ತ ವಿದ್ಯೆಯೂ ವಯಸ್ಸಿನ ಮೇಲೆ ನಿಂತಿದೆ. ಇಲ್ಲಿಯೇ ನಮ್ಮವರು ಎಡವುತ್ತಾರೆ. ಕೆಲ ವರ್ಷಗಳ ಹಿಂದೆ ಪಾಲಕರೊಬ್ಬರು ಶಾಲೆಗೆ ಬಂದು, “ಗುರುಗಳೇ, ವಯಸ್ಸು ಎರಡು ವರ್ಷ ಕಡಿಮಿ ಬರದು ಕೊಡ್ರಿ, ಹುಡುಗ ಆರಿಸಿ ಬರ್ತಾನ” ಎಂದರು. ಹಳೆಯ ದಾಖಲೆ ಪುಸ್ತಕ ತೆರೆದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುವ ನಾಡಿನಲ್ಲಿ ಈ ಕೋರಿಕೆ ಅವರಿಗೆ ದೊಡ್ಡದೆನಿಸಿರಲಿಲ್ಲ. ನಾನು ಒಪ್ಪಲಿಲ್ಲ. ಕಾನೂನಿನ ಭಯವೊಂದೇ ಅದಕ್ಕೆ ಕಾರಣವಲ್ಲ. ಹದಿನಾಲ್ಕರ ಹುಡುಗ ಹನ್ನೆರಡರವರ ನಡುವೆ ಬಲದಿಂದ ಗೆಲ್ಲುವನು. ಗೆಲ್ಲುತ್ತಿರುವುದರಿಂದ ಕೌಶಲವನ್ನು ಕಲಿಯಲಾರನು. ಉಳಿದವರು ಬೆಳೆದು ಅವನ ಸಮಕ್ಕೆ ಬಂದ ದಿನ ಅವನ ಕೈಯಲ್ಲಿ ಏನೂ ಉಳಿಯದು. ಅವನಿಂದಾಗಿ ನಿಜವಾದ ಹನ್ನೆರಡರ ಬಾಲಕನೊಬ್ಬನ ಸ್ಥಾನವೂ ತಪ್ಪಿರುತ್ತದೆ. ಮೇಲಾಗಿ ಈಗ ಮಣಿಕಟ್ಟಿನ ಎಲುಬಿನ ಚಿತ್ರ ತೆಗೆದು ವಯಸ್ಸನ್ನು ಪರೀಕ್ಷಿಸುವರು. ಹದಿನೇಳರೊಳಗಿನ ವಿಶ್ವಕಪ್‌ನಲ್ಲಿ 2009ರಿಂದಲೇ ಈ ಪದ್ಧತಿಯಿದೆ.

ನಿಜವಾದ ಒಂದೇ ವಯಸ್ಸಿನ ಹುಡುಗರಲ್ಲಿಯೂ ಬೆಳವಣಿಗೆ ಹಿಂದುಮುಂದಾಗುವುದುಂಟು. ವರ್ಷದ ಆರಂಭದ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆರಿಸಿ ಬರುವರೆಂದು ಅನೇಕ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಕೆಲವೇ ತಿಂಗಳ ಹಿರಿತನ ಜಾಣತನವೆಂದು ತೋರುತ್ತದೆ! ಕಿರಿಯ ಮೈಕಟ್ಟಿನ ಹುಡುಗನನ್ನು ತಾಳ್ಮೆಯಿಂದ ಕಾಯುವವನೇ ನಿಜವಾದ ವಸ್ತಾದ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬು 1979ರಲ್ಲಿ ಒಂದು ಹಳೆಯ ಒಕ್ಕಲುಮನೆಯಲ್ಲಿ ಬಾಲಕರ ವಸತಿಯನ್ನು ತೆರೆಯಿತು. 1996ರಲ್ಲಿ ಹನ್ನೆರಡರ ಇನಿಯೆಸ್ಟಾ, 2000ದಲ್ಲಿ ಹದಿಮೂರರ ಮೆಸ್ಸಿ ಆ ಕ್ಲಬ್ಬಿಗೆ ಬಂದರು. ಇಬ್ಬರೂ ಗಿಡ್ಡ ಹುಡುಗರೇ. ಎತ್ತರವನ್ನಷ್ಟೇ ಅಳೆದಿದ್ದರೆ ಇಬ್ಬರೂ ಮನೆಗೆ ಮರಳಬೇಕಾಗುತ್ತಿತ್ತು.

ಇನ್ನು ಮರಳಿ ಬರುವವರ ಮಾತು. ಎಂಥ ಒಳ್ಳೆಯ ಅಕಾಡೆಮಿಯಾದರೂ ಅಲ್ಲಿ ಸೇರಿದವರಲ್ಲಿ ಬಹುಸಂಖ್ಯಾತರು ವೃತ್ತಿಪರ ಆಟಗಾರರಾಗುವುದಿಲ್ಲ. ಒಂದು ಮೊಣಕಾಲಿನ ಪೆಟ್ಟು ಸಾಕು, ದಾರಿ ಮುಗಿಯಲು. ನಮ್ಮ ಗಡಿನಾಡಿನ ಮಗುವಿಗಂತೂ ಇನ್ನೊಂದು ತೊಡಕಿದೆ. ಕನ್ನಡ ಮಾಧ್ಯಮದಲ್ಲಿ ಆರನೆಯ ಇಯತ್ತೆ ಓದುತ್ತಿದ್ದವನು ಏಕಾಏಕಿ ಮರಾಠಿ ಅಥವಾ ಇಂಗ್ಲಿಷ್ ತರಗತಿಯಲ್ಲಿ ಕೂರಬೇಕು. ಆಡಿ ದಣಿದು ಬಂದ ರಾತ್ರಿ ಹೊಸ ಭಾಷೆಯ ಪುಸ್ತಕ ಅವನ ಕಣ್ಣಿಗೆ ಹತ್ತುವುದೆಂತು?

ಆದುದರಿಂದ ಪಾಲಕರು ಮಗನನ್ನು ಬಿಟ್ಟು ಬರುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು. ಶಾಲೆ ಎಲ್ಲಿ, ಯಾವ ಮಾಧ್ಯಮ, ಪಾಠ ತಪ್ಪಿದರೆ ಕಲಿಸುವವರು ಯಾರು? ಪೆಟ್ಟು ಬಿದ್ದರೆ ವೈದ್ಯದ ಖರ್ಚು ಯಾರದು? ಹಿಂದೆ ಕೈಬಿಟ್ಟ ಹುಡುಗರು ಈಗ ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕಿದರೆ ಆ ಸಂಸ್ಥೆಯನ್ನು ನಂಬಬಹುದು. ಗೆದ್ದವರ ಭಾವಚಿತ್ರಗಳನ್ನು ಗೋಡೆಗೆ ಎಲ್ಲರೂ ತೂಗುಹಾಕುತ್ತಾರೆ. ಗೆಲ್ಲದವನ ಕೈಯಲ್ಲಿ ಹತ್ತನೆಯ ಇಯತ್ತೆಯ ಪ್ರಮಾಣಪತ್ರವಿದೆಯೇ ಎಂಬುದನ್ನು ನೋಡುವವರು ಕಡಿಮೆ.

ಮಗುವಿಗೆ ಆಟದ ಒಲವಿದ್ದರೆ ತಡೆಯಬೇಡಿರಿ. ಅವನ ನಿಜವಾದ ವಯಸ್ಸನ್ನೂ ಪಾಠದ ಪುಸ್ತಕವನ್ನೂ ಜೊತೆಗಿಟ್ಟು ಕಳುಹಿಸಿರಿ.