ಭಾರ ಹೊತ್ತ ಮೇಲೆ ಓಟ

ಹೈರಾಕ್ಸ್ ಎಂಬ ಸ್ಪರ್ಧೆ ಭಾರತದಲ್ಲಿ ಮೊದಲ ಸಲ ನಡೆದದ್ದು 2025ರ ಮೇ ತಿಂಗಳಲ್ಲಿ, ಮುಂಬೈಯಲ್ಲಿ. 1 ಕಿಲೋಮೀಟರ್ ಓಟ, ಕೂಡಲೇ ಒಂದು ಕಸರತ್ತು. ಹೀಗೆ 8 ಸಲ. ಒಂದು ಕಸರತ್ತಿನಲ್ಲಿ ಸಾಮಾನ್ಯ ವರ್ಗದ ಮಹಿಳೆಯರು ಒಂದೊಂದು ಕೈಯಲ್ಲಿ 16 ಕಿಲೋ ಹಿಡಿದು 200 ಮೀಟರ್ ನಡೆಯಬೇಕು.

ನಮ್ಮ ಬಸವಾಪಟ್ಟಣದ ಹೆಂಗಸರು ಇದನ್ನು ಕೇಳಿದರೆ ನಕ್ಕಾರು. ತುಂಬಿದ ಕೊಡ ಹೊತ್ತು ರೂಢಿಯಿದ್ದವರಲ್ಲವೇ! ಆದರೆ ಭಾರ ಇಳಿಸಿದೊಡನೆ ಮತ್ತೆ ಓಡಬೇಕು. ಕಷ್ಟವಿರುವುದು ಅಲ್ಲಿಯೇ. ಅದಕ್ಕೆಂದೇ ಸ್ಪರ್ಧಿಗಳು ದಣಿದ ಕಾಲುಗಳಲ್ಲಿ ಓಡುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅವರೆಲ್ಲ ವೃತ್ತಿಪರ ಕ್ರೀಡಾಪಟುಗಳಲ್ಲ. ಕಚೇರಿ, ಮನೆ ಎರಡನ್ನೂ ನಿಭಾಯಿಸುವವರೇ ಹೆಚ್ಚು.

ನಮ್ಮಲ್ಲಿ ಬಲಕ್ಕೇನೂ ಕೊರತೆಯಿಲ್ಲ, ಸಮಯ ಕೊಡುವವರಿಲ್ಲ. ಫಜ್ರ್ ನಂತರ ಅರ್ಧ ಗಂಟೆ ಬಿರುಸಾಗಿ ನಡೆಯಲು ಮನೆಯಲ್ಲಿ ಕೇಳಿ ನೋಡಿ. ಅಂದಿನ ಚಹಾ ಅವರೇ ಮಾಡಿಕೊಳ್ಳಲಿ.